ಒಂದೇ ಮಾತಿಗೆ ಹತ್ತು ವೇಷ

ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಭಾನುಮತಿಗೆ ಮೊಬೈಲಿನಲ್ಲಿ ಜಾಹೀರಾತು ಹಾಕುವ ಕೆಲಸ. ಮಾಲೀಕ ಚಂದ್ರಮೌಳಿ ಗಂಭೀರವಾಗಿ ಅಪ್ಪಣೆ ಕೊಟ್ಟರು: "ನಮ್ಮ ಕುಕ್ಕರ್ ಗಟ್ಟಿ. ಇರೋದು ಇದೊಂದೇ ವಿಷಯ. ಇದನ್ನೇ ರೀಲು, ಪೋಸ್ಟರು, ಸ್ಟೇಟಸ್ಸು ಮಾಡು. ಒಂದೇ ಮಾತು ಹತ್ತು ವೇಷದಲ್ಲಿ ಬಂದ್ರೆ ಯಾರೂ ಇಲ್ಲ ಅನ್ನಲ್ಲ."

"ಆಗಲಿ ಸರ್. ಭಾನುವಾರ ತಂಗಿ ಸೀಮಂತ, ರಜೆ ಬೇಕಿತ್ತು."

"ಇಲ್ಲ."

ಮರುದಿನ ಅಂಗಡಿಯ ವಾಟ್ಸಾಪ್ ಗ್ರೂಪಿಗೆ ಭಾನುಮತಿಯ ತಂಗಿ ಬಳೆ ತೊಡುವ ರೀಲು ಬಂತು. ಮಧ್ಯಾಹ್ನ "ಅಕ್ಕ ಬರ್ತಾಳಾ?" ಎಂಬ ಪೋಸ್ಟರು. ಸಂಜೆಗೆ, ರಜೆ ಕೊಡಬೇಕೋ ಬೇಡವೋ ಎಂದು ಮತದಾನ. ಗ್ರೂಪಿನಲ್ಲಿ ಮಾಲೀಕರ ಹೆಂಡತಿಯೂ ಇದ್ದರು.

ಬೆಳಿಗ್ಗೆ ಚಂದ್ರಮೌಳಿ ಮುಖ ಸಣ್ಣಗೆ ಮಾಡಿಕೊಂಡು ಬಂದರು. "ಒಂದೇ ವಿಷಯ ಎಷ್ಟು ಸಲ ಹೇಳ್ತೀಯಮ್ಮ?"

"ಒಂದೇ ಸಲ ಹೇಳಿದಾಗ ನೀವು ಇಲ್ಲ ಅಂದ್ರಲ್ಲ ಸರ್."

"ಹೋಗಿ ಬಾ. ಹೋಗ್ತಾ ನಮ್ಮನೆ ಹತ್ರ ನಿಲ್ಲು. ನಮ್ಮ ಮನೆಯವಳು ಮಡಿಲಕ್ಕಿ ಕಟ್ಕೊಂಡು ಕೂತಿದ್ದಾಳೆ."