ಹಣಿಗೆಯಲ್ಲಿ ಉಳಿದ ಎಳೆ

“ಗುರುಗಳೇ, ಕೆಲಸ ಆಗುವ ತನಕ ಹಚ್ಚಿಕೊಂಡು, ಆದ ಮೇಲೆ ಕೈಬಿಡುವ ಜನರನ್ನು ಮೊದಲೇ ಗುರುತಿಸುವುದು ಹೇಗೆ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಆ ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಮಠದ ಹಳೆಯ ಓಲೆಗರಿಗಳನ್ನು ಹೊಸ ಗರಿಗೆ ಇಳಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಬಂದ ದಿನವೇ ಅವನು ತನ್ನ ಪೂರ್ವಾಪರ ಹೇಳಿಕೊಂಡಿದ್ದ. “ನಮ್ಮ ಹಳ್ಳಿಯ ಅಯ್ಯನವರೊಬ್ಬರು ನನಗೆ ಅಕ್ಷರ ತೀಡಿಸಿದರು. ಈಗ ಅವರ ಕಣ್ಣು ಹೋಗಿದೆ. ಇಷ್ಟು ದಿನ ನಾನೇ ಗರಿ ಓದಿ ಹೇಳುತ್ತಿದ್ದೆ. ಅಲ್ಲಿ ಕಲಿಯುವುದು ಇನ್ನೇನೂ ಉಳಿದಿರಲಿಲ್ಲ, ಇಲ್ಲಿಗೆ ಬಂದೆ.”

“ಯಾರ ಮೇಲೆ ನಿನ್ನ ಅನುಮಾನ?” ಎಂದು ಗುರುಗಳು ಕೇಳಿದರು.

“ಇಂಥವರೇ ಎಂದು ಹೇಗೆ ಹೇಳಲಿ? ಈಗ ಎಲ್ಲರ ಬಾಯಲ್ಲೂ ಮರುಳಯ್ಯ, ಮರುಳಯ್ಯ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ಗರಿಗಳ ಕೆಲಸ ಮುಗಿದ ಮೇಲೆ ಯಾರು ಕೇಳುತ್ತಾರೆ ನನ್ನನ್ನು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಯಾರು ನಕ್ಕು ಮಾತಾಡಿಸಿದರೂ ನನಗೆ ಇದೇ ಯೋಚನೆ.”

“ಒಬ್ಬ ನೇಕಾರನಿಗೂ ಇದೇ ಚಿಂತೆ ಹತ್ತಿತ್ತು. ಅವನ ಕತೆ ಕೇಳು, ಆಮೇಲೆ ನಿನ್ನ ಪ್ರಶ್ನೆಗೆ ಬರೋಣ” ಎಂದು ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಚುರುಕು ಮನುಷ್ಯ. ಚುರುಕು ಸ್ವಲ್ಪ ಹೆಚ್ಚೇ ಅನ್ನು. ಅವನು ಕೆಲಸ ಕಲಿತದ್ದು ಒಬ್ಬ ಹಿರಿಯ ನೇಕಾರನ ಮನೆಯಲ್ಲಿ. ಆ ಹಿರಿಯ ಸೀರೆಗೆ ಒಂದು ಅಂಚು ಹಾಕುತ್ತಿದ್ದ. ಸ್ವಂತ ತಲೆ ಓಡಿಸಿ ಕಟ್ಟಿದ ಅಂಚು. ಅದರ ಬಣ್ಣಗಳ ಸಾಲನ್ನು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲಿ ಎಂದು ಇವನು ಕಾಯಲೂ ಇಲ್ಲ.

ಸೀರೆ ಮುಗಿಸಿ ಕತ್ತರಿಸಿದಾಗ ಮಗ್ಗದ ಹಣಿಗೆಯಲ್ಲಿ, ಎಂದರೆ ಎಳೆಗಳನ್ನು ಸಾಲಾಗಿ ಹಿಡಿಯುವ ಬಾಚಣಿಗೆಯಲ್ಲಿ, ಗೇಣುದ್ದದ ಹಳೆಯ ಎಳೆಗಳು ಉಳಿಯುತ್ತವೆ. ನೇಕಾರರು ಅವನ್ನು ಕಿತ್ತು ಎಸೆಯುವುದಿಲ್ಲ. ಹೊಸ ನೂಲಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಸಾಕು, ಹೊಸದು ತಾನಾಗಿ ಹಣಿಗೆಯ ಸಂದಿಗೆ ಬಂದು ಕೂರುತ್ತದೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದೆಲ್ಲ ಆ ಮೋಟು ಎಳೆಗಳಲ್ಲೇ ಇರುತ್ತದೆ. ಒಂದು ದಿನ ಹಿರಿಯ ಉಣ್ಣಲು ಹೋದಾಗ ಇವನು ಅವುಗಳ ಮುಂದೆ ಕೂತ. ಸಾಲು ಮನಸ್ಸಿಗೆ ಇಳಿಯಿತು. ಇಳಿದ ಮೇಲೆ ಆ ಮನೆಯಲ್ಲೇನು ಕೆಲಸ? ಬಿಟ್ಟ. ಮುಂದೆ ಹಿರಿಯ ಎದುರಿಗೆ ಬಂದರೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದ.

ತನ್ನದೇ ಮಗ್ಗ ಹೂಡಿದ. ಎಳೆ ಕೆಚ್ಚಲು ಒಬ್ಬ ಮುದುಕ ಬರುತ್ತಿದ್ದ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತನೆಂದರೆ ತಲೆ ಎತ್ತುತ್ತಿರಲಿಲ್ಲ. ನೇಕಾರ ಅವನ ಪಕ್ಕದಲ್ಲೇ ಕೂತು, “ಅಜ್ಜಾ, ನಿನ್ನ ಕೈಗುಣವೇ ಬೇರೆ” ಎಂದು ಹೊಗಳುತ್ತ, ಎರಡನೆಯ ಸಲ ಅನ್ನ ಬಡಿಸುತ್ತ, ಕೆಚ್ಚುವುದನ್ನೂ ಕಲಿತುಕೊಂಡ. ಕಲಿತ ಮೇಲೆ ಒಂದು ದಿನ ಬಾಗಿಲಲ್ಲೇ ಅಡ್ಡ ನಿಂತು, “ಕೆಲಸ ಇದ್ದಾಗ ಹೇಳಿ ಕಳಿಸುತ್ತೇನೆ” ಎಂದ. ಹೇಳಿ ಕಳಿಸಲಿಲ್ಲ.

ಹೆಂಡತಿಗೆ ಕಸಿವಿಸಿಯಾಯಿತು. “ಒಗ್ಗರಣೆಯ ಕರಿಬೇವಿನ ಹಾಗೆ ಮನುಷ್ಯರನ್ನು ತೆಗೆದು ಬದಿಗೆ ಹಾಕುತ್ತೀರಲ್ಲ, ನಾಳೆ ಬೇಕಾದರೆ?” ಎಂದಳು.

“ಬೇಕಾದರೆ ಇನ್ನೊಬ್ಬ ಸಿಗುತ್ತಾನೆ. ಅವನೇನು ನನ್ನ ಮೇಲಿನ ಪ್ರೀತಿಗೆ ಬರುತ್ತಿದ್ದನೇ? ಅನ್ನಕ್ಕೆ ಬರುತ್ತಿದ್ದ” ಎಂದ ನೇಕಾರ. ಹಾಗೆಂದು ಅವನು ನಿಜವಾಗಿಯೂ ನಂಬಿದ್ದ.

ಹೀಗಿರುವಾಗ ದೇಸಾಯರ ವಾಡೆಯಿಂದ ಕಾರಭಾರಿ ಬಂದ. ದೇಸಾಯರ ಮಗಳ ಮದುವೆ, ಮದುಮಗಳಿಗೆ ಸೀರೆ ಆಗಬೇಕು. ಮನಸ್ಸಿಗೆ ಬಂದರೆ ಇನ್ನು ಮುಂದೆ ವಾಡೆಯ ಸೀರೆಗಳೆಲ್ಲ ಇವನ ಮಗ್ಗದಲ್ಲೇ. ಆ ಓಣಿಯ ನೇಕಾರರು ತಲೆಮಾರುಗಳಿಂದ ಬಾಯಿ ಬಿಟ್ಟುಕೊಂಡು ಕಾದದ್ದು ಇಂಥ ಒಂದು ಮಾತಿಗೆ. ನೇಕಾರ ಆ ಹಿರಿಯನ ಅಂಚನ್ನೇ ಹಾಕಿ, ಜೀವ ತೇದು ಸೀರೆ ನೇಯ್ದ.

ಕಾರಭಾರಿ ಸೀರೆ ಒಯ್ಯಲು ಬಂದವನು ಬಿಚ್ಚಿ ನೋಡಿ, “ಭೇಷ್!” ಎಂದ. ಮಡಿಸಿ ಬಗಲಿಗಿಟ್ಟುಕೊಂಡ. ಹೊರಡುವ ಮುಂಚೆ ಮಗ್ಗದ ಹತ್ತಿರ ಬಗ್ಗಿ, ಹಣಿಗೆಯಲ್ಲಿ ಉಳಿದಿದ್ದ ಎಳೆಗಳನ್ನು ಬಹಳ ಹೊತ್ತು ನೋಡಿದ. ಏನೂ ಹೇಳದೆ ಹೋದ.

ನೇಕಾರನಿಗೆ ಅನುಮಾನ ಹತ್ತಿತು. ಯಾಕೆ ನೋಡಿದ? ಅಷ್ಟೊಂದು ಬಗ್ಗಿ ಯಾಕೆ ನೋಡಿದ? ಎಳೆ ನೋಡಿ ಅಂಚು ಕದಿಯಬಹುದು ಎಂಬುದು ಇವನಿಗೆ ಗೊತ್ತಿದ್ದಷ್ಟು ಇನ್ನಾರಿಗೆ ಗೊತ್ತು? ಅಯ್ಯೋ, ಒಂದು ಸೀರೆ ಮಾಡಿಸಿಕೊಂಡರು, ಇನ್ನು ಯಾವನೋ ಅಗ್ಗದವನಿಗೆ ಅಂಚು ಹೇಳಿಕೊಟ್ಟು ನನ್ನನ್ನು ಮೂಲೆಗೆ ಹಾಕುತ್ತಾರೆ. ನಾಳೆ ಇನ್ನೊಮ್ಮೆ ನೋಡಲು ಬಂದೇ ಬರುತ್ತಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಮರುಳಯ್ಯ. ನೇಕಾರ ಕತ್ತಿ ತಂದ. ಹಣಿಗೆಯ ಎಳೆಗಳನ್ನೆಲ್ಲ ಕತ್ತರಿಸಿ ಎಳೆದು ತೆಗೆದ.

“ಏನು ಮಾಡುತ್ತಿದ್ದೀರಿ! ಮಗ್ಗ ಬರಿದು ಮಾಡುವವರುಂಟೇ?” ಎಂದು ಹೆಂಡತಿ ಓಡಿ ಬರುವಷ್ಟರಲ್ಲಿ ಅವು ಒಲೆಯಲ್ಲಿ ಉರಿಯುತ್ತಿದ್ದವು.

ಮರುದಿನ ಕಾರಭಾರಿ ಬಂದೇ ಬಂದ. ನೇಕಾರ ಬರಿದಾದ ಹಣಿಗೆಗೆ ಬೆನ್ನು ಕೊಟ್ಟು, ಒಳಗೊಳಗೇ ನಗುತ್ತ ನಿಂತ.

“ಅಮ್ಮನವರು ಸೀರೆ ನೋಡಿ ಹಿಗ್ಗಿದ್ದಾರೆ ಮಾರಾಯ. ಬೀಗಿತಿಗೂ ಇಂಥದೇ ಒಂದು ಆಗಬೇಕಂತೆ. ಮದುವೆಯೊಳಗೆ ಆದೀತೇ ಎಂದು ಕೇಳಿದರು. ಅಂಚಿನ ಎಳೆ ಮಗ್ಗದಲ್ಲೇ ಇದೆ, ಕೆಚ್ಚಿದರೆ ಸಾಕು, ನಾನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದು ಮಾತು ಕೊಟ್ಟುಬಿಟ್ಟೆ. ಆಗುತ್ತದೆ ತಾನೇ?”

“ಆಗುತ್ತದೆ” ಎಂದ ನೇಕಾರ. ಬೇರೇನು ಹೇಳಿಯಾನು?

ಬರಿದಾದ ಹಣಿಗೆಗೆ ಎಳೆ ತೂರಿಸುವುದು ಒಬ್ಬನ ಕೆಲಸವಲ್ಲ. ಆ ಕಡೆ ಒಬ್ಬ ಕೂತು ಸರಿಯಾದ ಎಳೆ ಆರಿಸಿ ಕೊಡಬೇಕು, ಈ ಕಡೆ ಒಬ್ಬ ಕೂತು ಎಳೆದುಕೊಳ್ಳಬೇಕು. ಹೆಂಡತಿಗೆ ಆ ಕೆಲಸ ಬಾರದು. ಓಣಿಯಲ್ಲಿ ಯಾರನ್ನು ಕರೆಯೋಣ ಎಂದು ಯೋಚಿಸಿದರೆ, ಒಂದೊಂದು ಬಾಗಿಲಲ್ಲೂ ಇವನು ಎಂದೋ ಬೆನ್ನು ತಿರುಗಿಸಿ ಬಂದವನೇ. ಕೊನೆಗೆ ಮುದುಕನಿಗೆ ಹೇಳಿ ಕಳಿಸಿದ.

ಮುದುಕ ಬಂದ. ಕಾಲು ತೊಳೆದುಕೊಂಡು ಆ ಕಡೆ ಕೂತ. ಒಂದು ಮಾತು ಆಡಲಿಲ್ಲ. ಆಡದಿದ್ದುದೇ ನೇಕಾರನಿಗೆ ಮುಳ್ಳಾಯಿತು. ಬಾಗಿಲಿಂದಲೇ ನಾನು ಅಟ್ಟಿದ್ದೆ, ಬೈಯಬೇಕಿತ್ತು. ಯಾಕೆ ಬೈಯಲಿಲ್ಲ? ಕೂಲಿ ಎಷ್ಟು ಎಂದೂ ಕೇಳಲಿಲ್ಲ. ಏನೋ ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದಾನೆ. ಮುದುಕ ಕೊಟ್ಟ ಎಳೆಯನ್ನೆಲ್ಲ ಇವನು ಎರಡೆರಡು ಸಲ ನೋಡಿದ. ಸರಿಯಾಗಿದ್ದುದನ್ನೂ ಹೊರಗೆಳೆದು ಮತ್ತೆ ತೂರಿಸಿದ. ಬಿಸಿಲು ಏರಿತು, ಇಳಿಯಿತು. ಅಂಚು ಅರ್ಧವೂ ಮುಗಿದಿರಲಿಲ್ಲ.

ಆಗ ನೇಕಾರ ಮುದುಕನ ತುಟಿ ಅಲ್ಲಾಡುವುದನ್ನು ಕಂಡ. ಮುದುಕ ಎಳೆ ಎಣಿಸುತ್ತಿದ್ದ. ಇವನಿಗೆ ಬೇರೆಯೇ ತೋರಿತು. ಬಾಯಿಪಾಠ ಮಾಡುತ್ತಿದ್ದಾನೆ! ಇದಕ್ಕೇ ಬಂದಿದ್ದಾನೆ! ಎದ್ದು ಹೋಗಿ ಒಂದು ಪಂಚೆ ತಂದು ಬಣ್ಣದ ನೂಲಿನ ಮೇಲೆ ಹೊದಿಸಿದ. “ಇನ್ನು ನೋಡದೆ ಕೊಡು” ಎಂದ.

ಮುದುಕ ಕೈ ಹಿಂದಕ್ಕೆ ತೆಗೆದುಕೊಂಡು ಎದ್ದ. “ನೋಡದೆ ಎಳೆ ಕೊಡುವ ವಿದ್ಯೆ ನನಗೆ ಬಾರದು, ಯಜಮಾನರೇ. ಈ ಅಂಚು ನನಗೆ ಹೊಸದೇ? ನಿಮ್ಮ ಗುರು ಇದನ್ನು ಮೊದಲು ಹೂಡಿದಾಗ ಹೀಗೇ ಎದುರಿಗೆ ಕೂತು ಎಳೆ ಕೊಟ್ಟವನು ನಾನು. ನೀವು ಎಲ್ಲಿಂದ ತಂದಿರಿ ಎಂಬುದೂ ಗೊತ್ತಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ” ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ನೇಕಾರ ಒಬ್ಬನೇ ಉಳಿದ. ಈ ಕಡೆಯಿಂದ ಎಳೆ ತೂರಿಸುವನು, ಎದ್ದು ಸುತ್ತಿ ಆ ಕಡೆ ಹೋಗಿ ಎಳೆಯುವನು, ಮತ್ತೆ ಈ ಕಡೆಗೆ ಬರುವನು. ಮದುವೆಯ ವಾಲಗ ಊದಿದಾಗಲೂ ಅವನು ಹಾಗೇ ಸುತ್ತುತ್ತಿದ್ದ. ಬೀಗಿತಿಯ ಸೀರೆ ಬೇರೆ ಊರಿಂದ ಬಂತು. ಕೊಟ್ಟ ಮಾತು ಕೆಟ್ಟದ್ದಕ್ಕೆ ವಾಡೆಯಲ್ಲಿ ಕಾರಭಾರಿ ತಲೆ ತಗ್ಗಿಸಬೇಕಾಯಿತು. ಅವನು ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

“ನೋಡಿದೆಯಾ?” ಎಂದ ನೇಕಾರ ಹೆಂಡತಿಗೆ. “ಬೇಕಾದಾಗ ಹುಡುಕಿಕೊಂಡು ಬಂದರು, ಬೇಡವಾದಾಗ ತಿರುಗಿ ನೋಡಲಿಲ್ಲ. ಲೋಕವೇ ಇಂಥದು. ನನಗೆ ಮೊದಲೇ ಅನುಮಾನ ಇತ್ತು.”

“ನೋಡಿದೆ” ಎಂದಳು ಹೆಂಡತಿ. ಅವಳು ನೋಡುತ್ತಿದ್ದುದು ಹಣಿಗೆಯನ್ನು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥ ಭೂಪ, ಗುರುಗಳೇ! ಕಲಿಸಿದವನನ್ನು ಬಿಟ್ಟವನು ಅವನೇ, ಕೆಚ್ಚಿದವನನ್ನು ಬಿಟ್ಟವನು ಅವನೇ. ಅನುಮಾನ ಮಾತ್ರ ಊರವರ ಮೇಲೆ. ಒಂದು ಸಲವಾದರೂ ತನ್ನ ಕಡೆ ತಿರುಗಿ ನೋಡಿಕೊಳ್ಳಬೇಡವೇ?” ಎಂದ.

“ನಿನಗೆ ಅಕ್ಷರ ತೀಡಿಸಿದ ಆ ಅಯ್ಯನವರಿಗೆ ಈಗ ಗರಿ ಓದಿ ಹೇಳುವವರು ಯಾರಿದ್ದಾರೆ, ಮರುಳಯ್ಯ?” ಎಂದು ಗುರುಗಳು ಕೇಳಿದರು.