ಹುಣಸೆಯ ಎಲೆ ಚೂರಾದದ್ದು

ದೇವರು ಲೋಕವನ್ನು ಆಗಷ್ಟೇ ಮಾಡಿ ಮುಗಿಸಿದ್ದ. ಕೈಗೆ ಮೆತ್ತಿದ ಮಣ್ಣು ಇನ್ನೂ ಆರಿರಲಿಲ್ಲ, ಕಂದಾ. ಆಗ ಹುಣಸೆಗೆ ಈಗಿನಂಥ ಪುಟ್ಟ ಎಲೆಗಳಿರಲಿಲ್ಲ. ಒಂದೊಂದು ಎಲೆಯೂ ಮೊರದಷ್ಟು ಅಗಲ.

ಅಂಥದ್ದೊಂದು ಮರ ಕೆಂಚವ್ವ, ಬೊಮ್ಮಣ್ಣ ಎಂಬ ಗಂಡಹೆಂಡಿರ ಅಂಗಳದಲ್ಲಿತ್ತು. ಕೆಂಚವ್ವನೇ ನೀರೆರೆದು ಬೆಳೆಸಿದ್ದಳು. ಉಣ್ಣುವ ಹೊತ್ತಿಗೆ ಎರಡು ಎಲೆ ಕೊಯ್ದು ಹಾಸಿದರೆ ಆಯಿತು, ತಟ್ಟೆ ಬೇಕಿರಲಿಲ್ಲ. ಹಗಲು ಅದರ ಕೊಂಬೆಗೆ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು.

ಗಾಳಿಯೂ ಆಗ ಹೊಸದು. ತನ್ನ ಬಲ ಎಷ್ಟೆಂದು ಅದಕ್ಕೇ ಗೊತ್ತಿರಲಿಲ್ಲ. ಒಂದು ಸಂಜೆ ಓಡೋಡಿ ಬಂದು ನೆರೆಮನೆಯ ತೇಗದ ಮರವನ್ನು ಕೊಟ್ಟಿಗೆಯ ಮೇಲೆ ಕೆಡವಿತು. ಒಳಗಿದ್ದ ಹಸು ಸತ್ತಿತು. ಆ ಮನೆಯಲ್ಲಿ ಅಂದು ಒಲೆ ಉರಿಯಲಿಲ್ಲ.

ಹುಣಸೆ ನಡುಗಿತು. "ಗಾಳಿಯಣ್ಣಾ, ಇದೇನು ಮಾಡಿದೆ?"

"ಬೇಕೆಂದು ಮಾಡಲಿಲ್ಲ ತಂಗಿ." ಗಾಳಿಯ ದನಿ ಸಣ್ಣಗಾಗಿತ್ತು. "ಓಡುವುದು ದೇವರು ಕೊಟ್ಟ ಕೆಲಸ. ನಿಲ್ಲಲು ನನಗೆ ಬರುವುದಿಲ್ಲ. ತೇಗ ಅಗಲದ ಎಲೆಗಳನ್ನು ಅಡ್ಡ ಹಿಡಿದು ನಿಂತಿತು. ನಾಳೆ ಸಂಜೆ ಮಳೆಯನ್ನು ಹೊತ್ತು ಮತ್ತೆ ಇದೇ ದಾರಿಯಲ್ಲಿ ಬರಬೇಕು. ನಿನ್ನ ಎಲೆಗಳೂ ಅಡ್ಡವೇ ಇವೆ."

"ನಾನು ಬಿದ್ದರೆ ಕೆಂಚವ್ವನ ಮನೆಯ ಮೇಲೇ ಬೀಳುತ್ತೇನೆ. ಒಳಗೆ ಕೂಸಿದೆ."

"ಹಾಗಾದರೆ ನನಗೆ ದಾರಿ ಕೊಡು," ಎಂದು ಗಾಳಿ ಹೊರಟುಹೋಯಿತು.

ಮರ ಬಹಳ ಹೊತ್ತು ಯೋಚಿಸಿತು. ಆಮೇಲೆ ತನ್ನ ಎಲೆಗಳನ್ನು ತಾನೇ ಹರಿದುಕೊಂಡಿತು. ಹರಿಯಿತು, ಮತ್ತೆ ಹರಿಯಿತು. ನೋವಾಯಿತು. ಆದರೂ ಒಂದೊಂದು ಚೂರು ಕೂಸಿನ ಉಗುರಿನಷ್ಟಾಗುವವರೆಗೂ ಹರಿಯಿತು.

ಬೆಳಗ್ಗೆ ಕೆಂಚವ್ವ ಅಂಗಳ ಸಾರಿಸಿ ರಂಗೋಲಿ ಇಟ್ಟಳು. ಇಟ್ಟು ಎದ್ದು ನಿಲ್ಲುವಷ್ಟರಲ್ಲಿ ಅದರ ಮೇಲೆ ಎಲೆಚೂರು. ಗುಡಿಸಿದಳು, ಮತ್ತೆ ಬಿತ್ತು. ಹಸಿ ಸಗಣಿಗೆ ಅಂಟಿದ್ದು ಪೊರಕೆಗೂ ಬರಲಿಲ್ಲ. ಮಜ್ಜಿಗೆ ಗಡಿಗೆಯಲ್ಲೂ ಎಲೆಚೂರು, ಕೂಸಿನ ಕೂದಲಲ್ಲೂ ಎಲೆಚೂರು.

"ಏನು ರೋಗ ಬಂತು ಇದಕ್ಕೆ? ಉಣ್ಣೋಕೆ ಒಂದು ಎಲೆ ಉಳಿಸಿಲ್ಲ. ಕಡಿದು ಹಾಕ್ರಿ ಇದನ್ನ!"

ಬೊಮ್ಮಣ್ಣ ನಿಧಾನದ ಮನುಷ್ಯ. "ನೆರಳು ಕೊಡ್ತದೆ, ಸಾರಿಗೆ ಹುಳಿ ಕೊಡ್ತದೆ ಕಣೇ."

"ಹುಳಿ ವರ್ಷಕ್ಕೊಂದು ಸಲ, ಕಸ ದಿನಾ. ಗುಡಿಸೋಳು ನಾನು, ನೀವಲ್ಲ!"

"ಆಯ್ತು ತಾಯಿ, ಕೊಡಲಿ ಹುಡುಕ್ತೀನಿ."

ಕೊಡಲಿ ಬಾಗಿಲ ಹಿಂದೆಯೇ ಇತ್ತು. ಬೊಮ್ಮಣ್ಣ ಅಟ್ಟದ ಮೇಲೆ ಹುಡುಕಿದ, ಹಿತ್ತಿಲಲ್ಲಿ ಹುಡುಕಿದ, ಸಂಜೆಯವರೆಗೂ ಹುಡುಕುತ್ತಲೇ ಇದ್ದ.

ಸಂಜೆ ಗಾಳಿ ಬಂತು. ಊರಿನ ಮರಗಳು ಒಂದೊಂದಾಗಿ ಉರುಳಿದವು. ಕೆಂಚವ್ವ ಕೂಸನ್ನು ಎದೆಗೆ ಅವಚಿಕೊಂಡು ದೇವರ ಮುಂದೆ ಕುಳಿತಳು. ಅಂಗಳದ ಹುಣಸೆ ತೂಗಿತು, ಬಾಗಿತು. ಆದರೆ ಗಾಳಿ ಆ ಚೂರು ಎಲೆಗಳ ನಡುವೆ, ಕೂದಲಲ್ಲಿ ಬಾಚಣಿಗೆ ಹಾದ ಹಾಗೆ, ಹಾದು ಹೋಯಿತು.

"ಎಲೆ ಹರಿದುಕೊಂಡು ದಾರಿ ಕೊಟ್ಟೆಯಲ್ಲ ತಂಗಿ. ಆ ಕೂಸು ನೂರು ಕಾಲ ಬಾಳಲಿ," ಎಂದು ಗಾಳಿ ಹೇಳಿದ್ದು ಒಳಗೆ ಕುಳಿತ ಕೆಂಚವ್ವನ ಕಿವಿಗೂ ಬಿತ್ತು.

ಬೆಳಗಾಯಿತು. ಮನೆ ನಿಂತಿತ್ತು. ಕೂಸು ನಗುತ್ತಿತ್ತು. ಅಂಗಳದ ತುಂಬ ಎಲೆಚೂರು.

ಬೊಮ್ಮಣ್ಣ ಕೊಡಲಿ ಹಿಡಿದು ಬಂದ. "ಸಿಕ್ತು ಕಣೇ! ಬಾಗಿಲ ಹಿಂದೇನೇ ಇತ್ತು."

ಕೆಂಚವ್ವ ಪೊರಕೆ ಕೈಗೆತ್ತಿಕೊಂಡಳು. "ಒಳಗಿಡ್ರಿ ಅದನ್ನ. ಗುಡಿಸೋಳು ನಾನು, ನೀವಲ್ಲ."

ಆ ಮಾತು ಮರದ ಮನಸ್ಸಿಗೆ ತಾಗಿತು. ಎಲೆ ಉದುರದಂತೆ ಹಿಡಿದಿಡಲು ಅದರಿಂದ ಆಗದು. ಹರಿದ ಎಲೆ ಮತ್ತೆ ಅಗಲವಾಗದು. ಅಂದು ಸಂಜೆ ಕೆಂಚವ್ವ ದೇವರಿಗೆ ದೀಪ ಹಚ್ಚಿದಾಗ, ಮರ ತನ್ನ ಎಲೆಚೂರುಗಳನ್ನು ಜೋಡಿ ಜೋಡಿಯಾಗಿ ಸೇರಿಸಿ ಅವಳಿಗಾಗಿ ಕೈ ಮುಗಿಯಿತು.

ಅದಕ್ಕೇ ಕಂದಾ, ಇಂದಿಗೂ ಹುಣಸೆ ಬಿರುಗಾಳಿಗೆ ಬೀಳದೆ ನಿಲ್ಲುತ್ತದೆ, ಗುಡಿಸಿದ ಅಂಗಳಕ್ಕೆ ಕಸ ಉದುರಿಸುತ್ತದೆ, ದೀಪ ಹಚ್ಚುವ ಹೊತ್ತಾದರೆ ಎಲೆ ಮಡಿಸಿ ಕೈ ಮುಗಿಯುತ್ತದೆ.