ತಿಪ್ಪೇಶಿಯ ಸೋರುವ ಕಾರು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಅಂಜಿನಮ್ಮ, ಮಗ ತಿಪ್ಪೇಶಿ. ಮಗನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಸುಳ್ಳಿಲ್ಲ. ಇದ್ದದ್ದು ಒಂದೇ ದೋಷ: ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಈ ಒಂದರ ಬದಲು ಆ ಮೂರೂ ಇದ್ದಿದ್ದರೆ ಹೇಗೋ ನಿಭಾಯಿಸುತ್ತಿದ್ದೆ ಎಂದು ತಾಯಿ ನೆರೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಊರು ಚಳ್ಳಕೆರೆ ಸೀಮೆಯದು, ಎಣ್ಣೆ ಮಿಲ್ಲುಗಳ ಊರು. ಊರಾಚೆ ಬಟ್ಟೆ ಹೊಲಿಯುವ ಕಾರ್ಖಾನೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಮಧ್ಯಾಹ್ನದ ಊಟ ಅಂಜಿನಮ್ಮನ ಮನೆಯಿಂದ ಹೋಗಬೇಕು. ಒಂದು ಗಂಟೆಗೆ ಸೈರನ್ ಕೂಗುತ್ತದೆ. ಸೈರನ್ನಿಗೆ ಮೊದಲು ಊಟ ಮುಟ್ಟಿದರೆ ತಾಯಿ ಮಗನಿಗೂ ಊಟ, ಇಲ್ಲದಿದ್ದರೆ ಇಲ್ಲ.

ಊಟ ಸಾಗಿಸುವುದಕ್ಕೆಂದು ಅಂಜಿನಮ್ಮನ ತಮ್ಮ ಓಬಳೇಶ ತನ್ನ ಹಳೇ ಕಾರನ್ನು ಅಕ್ಕನಿಗೇ ಮಾರಿದ. ಹೊರಗಿನವರಿಗೆ ಕೊಟ್ಟರೆ ಇನ್ನೂ ಹೆಚ್ಚು ಬರುತ್ತೆ, ಅಕ್ಕ ಅಂತ ಕೊಡ್ತಿದೀನಿ ಅಂದ. ಹೊರಗಿನವರು ಯಾರೂ ಕೇಳಿರಲಿಲ್ಲ. ಕೀ ಕೊಡುವಾಗ ತಿಪ್ಪೇಶಿಯ ಬೆನ್ನು ತಟ್ಟಿದ.

"ಗಾಡಿ ಗಟ್ಟಿ ಐತೆ ಅಳಿಯ. ಆಯಿಲ್ ಮೇಲೆ ಮಾತ್ರ ಒಂದು ಕಣ್ಣಿಟ್ಟಿರು."

ಗಾಡಿ ಓಡಿಸುವುದರಲ್ಲಿ ತಿಪ್ಪೇಶಿ ಪೆದ್ದನಲ್ಲ. ರಸ್ತೆಯ ಬೋರ್ಡು ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರುವುದಿಲ್ಲ. ಮುಂದೆ ಹಂಪ್ ಇದೆ ಅಂದರೆ ಮುಂದೆ ಹಂಪ್ ಇರುತ್ತದೆ. ಮೊದಲ ದಿನ ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೋದ. ಅಲ್ಲಿ ಮಾವನ ಮಾತು ನೆನಪಾಯಿತು. ಕಾರು ನಿಲ್ಲಿಸಿದ, ಕೆಳಗೆ ತೂರಿದ, ಅಂಗಾತ ಮಲಗಿ ಬಲಗಣ್ಣು ಮುಚ್ಚಿಕೊಂಡ. ಮಾವ ಹೇಳಿದ್ದು ಒಂದು ಕಣ್ಣು. ಊರೆಲ್ಲ ಎಣ್ಣೆ ತೆಗೆಯುತ್ತಿದ್ದರೆ ಈ ಕಾರು ಎಣ್ಣೆ ಬಿಡುತ್ತಿತ್ತು. ಒಂದು ಕಪ್ಪು ಹನಿ ಬಿತ್ತು, ನೋಡಿದ. ಇನ್ನೊಂದು ಬಿತ್ತು, ನೋಡಿದ. ಎಡಗಣ್ಣು ನೊಂದಾಗ ಬಲಗಣ್ಣಿಗೆ ಬದಲಾಯಿಸಿದ. ದೂರದಲ್ಲಿ ಸೈರನ್ ಕೂಗಿತು. ಅದು ಕಿವಿಗೆ ಸೇರಿದ್ದು. ಅವನಿಗೆ ಒಪ್ಪಿಸಿದ್ದು ಕಣ್ಣಿನ ಕೆಲಸ.

ಊಟ ತಣ್ಣಗಾಗಿ ಮುಟ್ಟಿತು. ಅಂಜಿನಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಸೋರೋದರ ಕೆಳಗೆ ಪಾತ್ರೆ ಇಡಬೇಕು ಕಣೋ, ಕಣ್ಣಲ್ಲ."

"ಆಗಲಿ ಅವ್ವ," ಅಂದ ತಿಪ್ಪೇಶಿ.

ಮಾರನೇ ದಿನ ಸೈರನ್ನಿಗೆ ಮೊದಲೇ ಹೋದ. ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಬಗ್ಗಿ ನೋಡಿದ. ಸೋರುತ್ತಿತ್ತು. ಕಾರಿನಲ್ಲಿ ಅನ್ನದ ಪಾತ್ರೆ, ಸಾರಿನ ಪಾತ್ರೆ, ಮಜ್ಜಿಗೆಯ ಕ್ಯಾನು. ಬಾಯಿ ಅಗಲವಿದ್ದದ್ದು ಸಾರಿನದು. ಮುಚ್ಚಳ ತೆಗೆದು ಅದನ್ನೇ ಇಂಜಿನ್ನಿನ ಕೆಳಗೆ ತಳ್ಳಿದ. ಅನ್ನ, ಮಜ್ಜಿಗೆ ಒಳಗಿಟ್ಟು ಬಂದು, ಕೊನೆಗೆ ಸಾರನ್ನು ಹೊತ್ತುಕೊಂಡು ಹೋದ.

ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸು ಪಾತ್ರೆಯೊಳಗೆ ಇಣುಕಿದಳು. "ಏನೋ ತಿಪ್ಪೇಶಿ, ಒಗ್ಗರಣೆ ಇಷ್ಟು ಕಪ್ಪಗೈತೆ? ನಿಮ್ಮವ್ವ ಸಾಸಿವೆ ಸೀಸಿದಳಾ?"

ಒಗ್ಗರಣೆ ಅವ್ವನದಲ್ಲ, ಕಾರಿನದು, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಹಿಡಿದಿದ್ದೇನೆ ಎಂದು ತಿಪ್ಪೇಶಿ ಹೇಳಿದ. ಹೆಂಗಸರು ಮಜ್ಜಿಗೆ ಅನ್ನ ಉಂಡು ಎದ್ದರು. ಮ್ಯಾನೇಜರು ಫೋನು ಮಾಡಿ, ಇನ್ನೊಂದು ಸಲ ಹೀಗಾದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುತ್ತೇವೆ ಎಂದ. ದನಿ ಎತ್ತರಿಸಿರಲಿಲ್ಲ. ಅಂಜಿನಮ್ಮನಿಗೆ ಹೆದರಿಕೆ ಬಂದದ್ದು ಅದಕ್ಕೇ.

ಆ ದಿನ ಬೈದದ್ದಕ್ಕೆ ಲೆಕ್ಕವಿಲ್ಲ. ಬೈದು ಬೈದು, ನಿನ್ನ ಬುದ್ಧಿ ಓಡಿಸಬೇಡ, ಬಲ್ಲವರ ಹತ್ತಿರ ಕಾರು ತೋರಿಸು, ಅವರು ಏನು ಹಾಕಿಸು ಅಂದರೆ ಅದನ್ನು ಹಾಕಿಸಿಕೊಂಡು ಬಾ ಎಂದು ಕಳಿಸಿದಳು.

ಮೆಕ್ಯಾನಿಕ್ ದಸ್ತಗೀರ್ ಕಾರಿನ ಕೆಳಗೆ ಹೋಗಿ, ಎದ್ದು ಬಂದು, ಕೈ ಒರೆಸಿಕೊಂಡ. "ಸೀಲ್ ಹೋಗೈತೆ. ಹೊಸಾ ಸೀಲ್ ಹಾಕಿಸ್ಬೇಕು." ಇಷ್ಟು ಹೇಳಿ ಇನ್ನೊಂದು ಗಾಡಿಯ ಕಡೆ ತಿರುಗಿದ.

ಸೀಲು ಎಲ್ಲಿರುತ್ತದೆ ಎಂಬುದು ತಿಪ್ಪೇಶಿಗೆ ಗೊತ್ತಿತ್ತು. ನೇರ ಸರ್ಕಾರಿ ಕಚೇರಿಗೆ ಹೋದ. ಸಾಲಿನಲ್ಲಿ ನಿಂತ. ಸರದಿ ಬಂದಾಗ, ಕಾರು ಸೋರುತ್ತೆ ಸಾರ್, ಒಂದು ಸೀಲ್ ಹಾಕಿಕೊಡಿ ಅಂದ. ಗುಮಾಸ್ತ ಅವನ ಮುಖ ನೋಡಿದ. ಪಕ್ಕದ ಮೇಜಿನವರನ್ನು ಕರೆದ. ಅವರು ಅವರ ಪಕ್ಕದವರನ್ನು ಕರೆದರು.

"ಸೋರ್ತಿರೋದು ಕಾರಲ್ಲಪ್ಪ. ತಲೆ ಬಗ್ಗಿಸು."

ತಿಪ್ಪೇಶಿ ಬಗ್ಗಿಸಿದ. ಗುಮಾಸ್ತ ದುಂಡನೆಯ ಸೀಲನ್ನು ಇಂಕಿಗೆ ಅದ್ದಿ ಅವನ ಹಣೆಗೆ ಒತ್ತಿದ. ಕಚೇರಿಯೆಲ್ಲ ನಕ್ಕಿತು. ಎಲ್ಲರೂ ನಗುತ್ತಿದ್ದಾರೆಂದು ತಿಪ್ಪೇಶಿಯೂ ನಕ್ಕ, ಕೈ ಮುಗಿದ, ಪೇಟೆ ಬೀದಿಯ ಉದ್ದಕ್ಕೂ ಹಾಗೇ ಬಂದ.

ಆ ಸಲ ಅಂಜಿನಮ್ಮ ಕೂಡಲೇ ಬೈಯಲಿಲ್ಲ. ಮಗನನ್ನು ಬಾಗಿಲ ಬೆಳಕಿಗೆ ಕೂರಿಸಿ ಸೆರಗಿನಿಂದ ಉಜ್ಜಿದಳು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದಳು. ಅಕ್ಷರ ಹೋದವು, ದುಂಡಗೆ ನೇರಳೆ ಬಣ್ಣ ಉಳಿಯಿತು.

"ಊರವರ ಮಾತು ಕೇಳಬೇಡ ಮಗನೇ. ಇನ್ಮೇಲೆ ನನ್ನ ಮಾತೊಂದೇ ಕೇಳು."

"ಆಗಲಿ ಅವ್ವ."

ಮರುದಿನ ತಾನೇ ದಸ್ತಗೀರನ ಹತ್ತಿರ ಹೋದಳು. ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಸೀಲು ಅಂದರೆ ಬಳೆಯಷ್ಟು ರಬ್ಬರು, ಅದಕ್ಕೆ ಹೆಚ್ಚು ದುಡ್ಡಿಲ್ಲ. ಆದರೆ ಅದು ಕೂತಿರುವುದು ಇಂಜಿನ್ನಿನ ಹಿಂಬದಿಗೆ. ಇಂಜಿನ್ ಇಳಿಸದೆ ಅಲ್ಲಿಗೆ ಕೈ ಹೋಗುವುದಿಲ್ಲ. ದುಡ್ಡಿರುವುದು ಇಳಿಸುವುದಕ್ಕೆ. ಅವಳು ಒಪ್ಪಿದಳು. ಇಳಿಸಿದ ಮೇಲೆ ಇನ್ನೂ ಎರಡು ಕಡೆ ಸೋರುತ್ತಿರುವುದು ಕಂಡಿತು. ಹಳೇ ಗಾಡಿಯ ಗುಣವೇ ಅದು, ಬಿಚ್ಚಿದಷ್ಟೂ ಖರ್ಚು. ಕಾರು ಅಲ್ಲಿದ್ದ ದಿನಗಳಲ್ಲಿ ಊಟ ಬಾಡಿಗೆ ಆಟೋದಲ್ಲಿ ಹೋಯಿತು. ಬಂದದ್ದೆಲ್ಲ ಆಟೋದವನಿಗೆ ಹೋಯಿತು.

ಅಂಜಿನಮ್ಮ ತನ್ನ ದೊಡ್ಡ ಗ್ರೈಂಡರ್ ಮಾರಿದಳು. ಮೂಲೆಯಲ್ಲಿದ್ದ ಒರಳನ್ನು ತೊಳೆದು ಮಸಾಲೆಯನ್ನು ಕೈಯಲ್ಲೇ ರುಬ್ಬಿದಳು. ಅರ್ಧ ಖರ್ಚಾದರೂ ಕೊಡಲಿ ಎಂದು ತಮ್ಮನ ಮನೆಗೂ ಹೋಗಿ ಬಂದಳು. ಹಳೇ ಗಾಡಿ ಅಂದಮೇಲೆ ಸೋರದೇ ಇರುತ್ತಾ ಅಕ್ಕ ಎಂದ ಓಬಳೇಶ, ಟೀ ತರಿಸಿದ. ಟೀ ಬಂತು, ದುಡ್ಡು ಬರಲಿಲ್ಲ.

ಮನೆಗೆ ಬಂದು ಒರಳಿನ ಮುಂದೆ ಕೂತ ತಾಯಿಯನ್ನು ತಿಪ್ಪೇಶಿ ಕೇಳಿದ. "ಗ್ರೈಂಡರಿನ ದುಡ್ಡು ಎಲ್ಲಿ ಹೋಯ್ತವ್ವ?"

"ಆ ಇಂಜಿನ್ನಿನ ಹೊಟ್ಟೆಗೆ ಹೋಯ್ತು."

"ವಾಪಸ್ ಬರಲ್ವಾ?"

"ಇಲ್ಲ ಕಣೋ. ಎಳ್ಳುನೀರು ಬಿಟ್ಟುಬಿಡು ಅದಕ್ಕೆ."

"ಆಗಲಿ ಅವ್ವ."

ಕಾರು ರಿಪೇರಿಯಾಗಿ ಬಂತು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ಅಂಜಿನಮ್ಮ ಅನ್ನ ಬಸಿಯುತ್ತಿದ್ದಾಗ ತಿಪ್ಪೇಶಿ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಕಾರನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ. ಅಪ್ಪ ಸತ್ತಾಗ ಪುರೋಹಿತರು ಅವನ ಕೈಯಿಂದ ಮೂರು ಬೊಗಸೆ ಎಳ್ಳುನೀರು ಬಿಡಿಸಿದ್ದರು. ಹೋದ ದುಡ್ಡು ಬಹಳ ಎಂದು ಅವ್ವ ದಿನವೂ ಹೇಳುತ್ತಿದ್ದಳು. ಮೂರು ಬೊಗಸೆ ಎಲ್ಲಿ ಸಾಕು? ಚಟ್ನಿಪುಡಿಗೆ ತಂದಿಟ್ಟ ಎಳ್ಳನ್ನೆಲ್ಲ ಬಿಂದಿಗೆ ನೀರಿಗೆ ಸುರಿದ. ಆಯಿಲ್ ಹಾಕುವ ಬಾಯಿ ತೆರೆದು, ಹೆಬ್ಬೆರಳಿನ ಪಕ್ಕದಿಂದ, ಚೆಲ್ಲದ ಹಾಗೆ, ಬಿಂದಿಗೆ ಬರಿದಾಗುವವರೆಗೂ ಬಿಟ್ಟ.

ಆ ದಿನ ಅಂಜಿನಮ್ಮ ತಾನೂ ಕಾರು ಹತ್ತಿದಳು. ಕೊನೆಯ ಎಣ್ಣೆ ಮಿಲ್ಲು ದಾಟಿದ ಮೇಲೆ ಇಂಜಿನ್ನಿನೊಳಗೆ ಕಲ್ಲು ರುಬ್ಬಿದಂಥ ಸದ್ದು ಬಂತು. ಆಮೇಲೆ ಸದ್ದೂ ನಿಂತಿತು, ಕಾರೂ ನಿಂತಿತು. ಆಟೋ ಓಡಾಡುವ ರಸ್ತೆಯಲ್ಲ ಅದು. ತಿಪ್ಪೇಶಿ ಕೆಳಗೆ ಬಗ್ಗಿ ನೋಡಿ, ಸೋರಿಲ್ಲ ಅಂದ. ಬೆಳಿಗ್ಗೆ ಏನೇನು ಮಾಡಿದೆ ಎಂದು ತಾಯಿ ಕೇಳಿದಳು. ಅವನು ಒಂದನ್ನೂ ಬಿಡದೆ ಹೇಳಿದ.

"ಯಾರೋ ಹಂಗೆ ಮಾಡು ಅಂದಿದ್ದು?"

"ನೀನೇ ಅವ್ವ."

ಸೈರನ್ ಕೂಗಿತು. ಅಂಜಿನಮ್ಮನ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಳ್ಳಲಿಲ್ಲ. ಅವಳು ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಕೂತಳು.

"ಇನ್ನೇನು," ಅಂದಳು, "ಆ ಅನ್ನ ಕಾಗೆಗೆ ಹಾಕು."

ತಿಪ್ಪೇಶಿಯ ಮುಖ ಅರಳಿತು. ಅಪ್ಪನಿಗೂ ಹೀಗೇ ಮಾಡಿದ್ದರು, ಎಳ್ಳುನೀರಾದ ಮೇಲೆ ಕಾಗೆ. ಎಲೆ ಹಾಸಿ, ಪಾತ್ರೆಯ ಅನ್ನವನ್ನೆಲ್ಲ ಕಾರಿನ ಮೂತಿಯ ಮೇಲೆ ಗುಡ್ಡೆ ಹಾಕಿದ. ಹಿಂದೆ ಸರಿದು, ಕೈ ಮುಗಿದು, ಕಾ ಕಾ ಎಂದು ಕರೆದ. ತಂತಿಯ ಮೇಲಿಂದ ಒಂದು ಕಾಗೆ ಇಳಿಯಿತು. ಹಿಂದೆಯೇ ಎಲ್ಲವೂ ಇಳಿದವು. ಅವನು ಮೈಲಿಗಲ್ಲಿನ ಹತ್ತಿರ ಓಡಿ ಬಂದು ತಾಯಿಯ ಕಿವಿಯಲ್ಲಿ, ಅವಕ್ಕೆ ಕೇಳಿಸದ ಹಾಗೆ ಹೇಳಿದ:

"ಕಾಗೆ ಮುಟ್ಟಿದವವ್ವ. ಆ ದುಡ್ಡಿಗೆ ಇನ್ನು ಯಾವ ಆಸೆನೂ ಉಳಿದಿಲ್ಲ."